ಹಬ್ಬದ ಡಬ್ಬಿ ಹೋಗುವುದೆತ್ತ?

ವಿಜಯದಶಮಿಯಿಂದ ಬಲಿಪಾಡ್ಯದವರೆಗಿನ ಮೂರು ವಾರಗಳಲ್ಲಿ ಹನುಮಸಾಗರದಂತಹ ಹೋಬಳಿ ಊರಿನ ಬಜಾರು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಶೇಂಗಾ ಚೀಲ, ಬೆಲ್ಲದ ಪೆಂಟೆ ನಿಲ್ಲುತ್ತಿದ್ದ ಜಾಗದಲ್ಲಿ ಮಿರುಗುವ ಡಬ್ಬಿಗಳ ಗೋಡೆ ಏಳುತ್ತದೆ. ಸಿಹಿತಿಂಡಿಯ ಡಬ್ಬಿ, ಒಣಹಣ್ಣಿನ ಡಬ್ಬಿ, ಚಾಕಲೇಟಿನ ಡಬ್ಬಿ, ಗಾಜಿನ ಲೋಟಗಳ ಡಬ್ಬಿ; ಎಲ್ಲದರ ಮೇಲೊಂದು ತೆಳುವಾದ ಪ್ಲಾಸ್ಟಿಕ್ ಪೊರೆ, ಪೊರೆಯ ಮೇಲೊಂದು ರಿಬ್ಬನ್ನು. ಸಿಹಿತಿಂಡಿಯ ಡಬ್ಬಿಗೆ ಇಂಥ ಪೊರೆ ಸುತ್ತುವುದು 2022ರ ಜುಲೈ 1ರಿಂದ ದೇಶದಲ್ಲೆಲ್ಲ ಕಾನೂನುಬಾಹಿರ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ನಿಷೇಧಿತ ಪಟ್ಟಿಯಲ್ಲಿ ಬಲೂನಿನ ಕಡ್ಡಿ, ಐಸ್‌ಕ್ರೀಮಿನ ಕಡ್ಡಿಗಳ ಜೊತೆಗೆ ಸಿಹಿತಿಂಡಿ ಡಬ್ಬಿಯ ಪೊರೆಯನ್ನೂ ಹೆಸರಿಟ್ಟೇ ಸೇರಿಸಲಾಗಿದೆ. ಕರ್ನಾಟಕವಂತೂ ಅದಕ್ಕೂ ಆರು ವರ್ಷ ಮೊದಲು, 2016ರ ಮಾರ್ಚಿನಲ್ಲಿಯೇ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತ್ತು. ರಾಜಧಾನಿಯಿಂದ ಹೊರಟ ಕಾನೂನು ಗುಡ್ಡದ ಊರು ಮುಟ್ಟುವ ಮೊದಲೇ ದಣಿದು ಕುಳಿತಿರುತ್ತದೆ. ಡಬ್ಬಿ ಮಾತ್ರ ದಣಿಯುವುದಿಲ್ಲ.

ಆದರೆ ಇಲ್ಲಿ ವಾದಿಸಬೇಕಾದದ್ದು ಪೊರೆಯನ್ನು ಕುರಿತಷ್ಟೇ ಅಲ್ಲ. ಈ ಡಬ್ಬಿಗಳನ್ನು ಯಾರು ಕೊಳ್ಳುತ್ತಾರೆ, ಯಾರಿಗಾಗಿ ಕೊಳ್ಳುತ್ತಾರೆ, ಕಡೆಗೆ ಅವು ಯಾರ ಕೈಗೆ ಹೋಗುತ್ತವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. ಕೊಡುಗೆಯನ್ನು ಆರಿಸುವುದೆಂದರೆ ಪಡೆಯುವವರ ಬದುಕನ್ನು ಒಂದು ಗಳಿಗೆ ಮನಸ್ಸಿಗೆ ತಂದುಕೊಳ್ಳುವುದು. ಇಂದಿನ ಹಬ್ಬದ ಕೊಡುಗೆಯಲ್ಲಿ ಆ ಒಂದು ಗಳಿಗೆಯೇ ಕಳೆದುಹೋಗಿದೆ. ಕೊಡುವವನು ತನ್ನ ಋಣವನ್ನು ಅಗ್ಗವಾಗಿ ತೀರಿಸಿಕೊಳ್ಳುವ, ಇಲ್ಲವೆ ತನಗೆ ಬೇಡವಾದುದನ್ನು ಮುಂದಿನ ಮನೆಗೆ ದಾಟಿಸುವ ಉಪಾಯವಾಗಿ ಅದು ಉಳಿದಿದೆ.

ಡಬ್ಬಿಯ ಪ್ರಯಾಣವನ್ನು ಗಮನಿಸಿದವರಿಗೆ ಇದು ಅತಿಶಯೋಕ್ತಿ ಎನಿಸಲಾರದು. ಗುತ್ತಿಗೆದಾರ ಅಧಿಕಾರಿಗೆ ಕೊಡುತ್ತಾನೆ, ಬೀಜ-ಗೊಬ್ಬರದ ಕಂಪನಿ ವ್ಯಾಪಾರಿಗೆ ಕೊಡುತ್ತದೆ, ವ್ಯಾಪಾರಿ ದೊಡ್ಡ ಒಕ್ಕಲಿಗನಿಗೆ ಕೊಡುತ್ತಾನೆ. ಹತ್ತು ಡಬ್ಬಿ ಬಂದ ಮನೆಯಲ್ಲಿ ಎರಡು ಒಡೆಯುತ್ತವೆ. ಉಳಿದ ಎಂಟು ಹೆಸರಿನ ಚೀಟಿ ಕಿತ್ತಿಸಿಕೊಂಡು ಬೀಗರ ಮನೆಗೆ, ಮಕ್ಕಳ ಮಾಸ್ತರರ ಮನೆಗೆ ಹೊರಡುತ್ತವೆ. ಹಬ್ಬ ಮುಗಿದು ವಾರವಾದ ಮೇಲೆ, ಒಳಗಿನ ಪೇಡೆ ಗಟ್ಟಿಯಾಗಿ ಬಣ್ಣಗೆಟ್ಟ ಹೊತ್ತಿನಲ್ಲಿ, ಕೊನೆಯ ಡಬ್ಬಿ ಓಣಿ ಗುಡಿಸುವ ಹೆಣ್ಣುಮಗಳ ಕೈಸೇರುತ್ತದೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಒಯ್ಯುತ್ತಾಳೆ. ಎರಡು ದಿನದ ತರುವಾಯ ಅದೇ ಡಬ್ಬಿಯನ್ನು, ಅದೇ ಪೊರೆಯನ್ನು, ಅದೇ ರಿಬ್ಬನ್ನನ್ನು ಚರಂಡಿಯಿಂದ ಎತ್ತುವವಳೂ ಆಕೆಯೇ. ಸೇವೆ ಮಾಡಿದವರಿಗೆ ಕೊಡುಗೆಯ ಹೆಸರಿನಲ್ಲಿ ಇನ್ನಷ್ಟು ಕೆಲಸವನ್ನೇ ಕೊಡುವ ಈ ಏರ್ಪಾಟನ್ನು ಯಾವ ಧರ್ಮಶಾಸ್ತ್ರ ಒಪ್ಪೀತು?

ಡಬ್ಬಿಯ ಒಳಗೇನಿದೆ ಎಂಬುದನ್ನೂ ನೋಡಬೇಕು. ಹೆಚ್ಚು ಗೌರವದ ಡಬ್ಬಿಯಲ್ಲಿ ಬಾದಾಮಿ ಇರುತ್ತದೆ. ಭಾರತದಲ್ಲಿ ಮಾರಾಟವಾಗುವ ಬಾದಾಮಿಯ ಬಹುಪಾಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಿಂದ, ಸಮುದ್ರ ದಾಟಿ ಬರುತ್ತದೆ. ದೀಪಾವಳಿಯ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹೊಲಗಳಲ್ಲಿ ಏನಿರುತ್ತದೆ? ಮುಂಗಾರಿನ ಶೇಂಗಾ ಕಿತ್ತು ಒಣಗಿರುತ್ತದೆ. ಸಜ್ಜೆ ರಾಶಿಯಾಗಿರುತ್ತದೆ. ಎಳ್ಳು, ಹೆಸರು, ಅಲಸಂದಿ, ನವಣೆ ಮನೆ ಸೇರಿರುತ್ತವೆ. ವರ್ಷದಲ್ಲಿ ಇವು ಅತ್ಯಂತ ತಾಜಾ ಇರುವ, ರೈತನಿಗೆ ಅತ್ಯಂತ ಕಡಿಮೆ ಬೆಲೆ ಸಿಗುವ ಕಾಲ ಇದೇ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಜಿಲ್ಲೆ ಜಿಲ್ಲೆಗಳಲ್ಲಿ ಮೇಳಗಳಾದವು, ನಡಿಗೆಗಳಾದವು. ಆದರೆ ಆ ವರ್ಷದ ದೀಪಾವಳಿಗೂ ಸಜ್ಜೆ ಬೆಳೆದ ರೈತ ತನ್ನ ಮಗಳ ಮನೆಗೆ ಮೈದಾ, ಸಕ್ಕರೆ, ವನಸ್ಪತಿಗಳ ಡಬ್ಬಿಯನ್ನೇ ಒಯ್ದ. ತನ್ನ ಹೊಲದ ಕಾಳು ಕೊಡುಗೆಗೆ ಯೋಗ್ಯವಲ್ಲ, ಅದು ಬಡತನದ ಗುರುತು ಎಂದು ಅವನಿಗೆ ಯಾರು ಕಲಿಸಿದರು? ಜಾಹೀರಾತು ಕಲಿಸಿತು ಎಂದರೆ ಅರ್ಧ ಉತ್ತರವಾಯಿತು. ಒಣಬೇಸಾಯದ ಧಾನ್ಯಗಳನ್ನು ಒರಟು ಧಾನ್ಯಗಳೆಂದು ದಶಕಗಳ ಕಾಲ ದಾಖಲೆಗಳಲ್ಲಿ ಬರೆದುಕೊಂಡು ಬಂದ ಕೃಷಿ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ಉಳಿದರ್ಧವನ್ನು ಒಪ್ಪಿಕೊಳ್ಳಬೇಕು.

ತಿನಿಸಿನ ಕತೆ ಇದಾದರೆ ಬಟ್ಟೆಯದು ಇನ್ನೂ ವಿಚಿತ್ರ. ಉತ್ತರ ಕರ್ನಾಟಕದಲ್ಲಿ ಆಯೇರಿ ಎಂಬುದೊಂದು ದೊಡ್ಡ ಸಂಪ್ರದಾಯ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಬೀಗರಿಗೂ ಬಂಧುಗಳಿಗೂ ಸೀರೆ, ಕುಪ್ಪಸದ ಖಣ, ಪಂಚೆ, ಟವೆಲುಗಳನ್ನು ಕೊಡಬೇಕು. ಪಡೆದವರು ತಮ್ಮ ಮನೆಯ ಕಾರ್ಯದಲ್ಲಿ ಅದರ ಮುಯ್ಯಿ ತೀರಿಸಬೇಕು. ಕಷ್ಟಕಾಲದಲ್ಲಿ ಹೊಸ ಸಂಸಾರಕ್ಕೆ ನಾಲ್ಕು ಬಟ್ಟೆ ಒದಗಲಿ ಎಂಬ ಅರ್ಥ ಇದರಲ್ಲಿತ್ತು. ಈಗ ಅರ್ಥ ಹೋಗಿ ಎಣಿಕೆ ಉಳಿದಿದೆ. ಸಗಟಿನಲ್ಲಿ ತಂದ ಪಾಲಿಯೆಸ್ಟರಿನ ಜಂಪರ್ ತುಂಡು ಒಂದು ಟ್ರಂಕಿನಿಂದ ಇನ್ನೊಂದು ಟ್ರಂಕಿಗೆ ಮಡಿಕೆ ಬಿಚ್ಚದೆ ತಿರುಗುತ್ತದೆ. ಹೊಲಿಸಿದರೆ ಬೆವರು ಹೀರದು, ಹರಿದರೆ ಒರೆಸುವ ಅರಿವೆಗೂ ಬಾರದು. ಕೊಟ್ಟವರ ಮನೆಗೇ ನಾಲ್ಕು ವರ್ಷದ ತರುವಾಯ ಅದು ಮರಳಿ ಬಂದ ಪ್ರಸಂಗಗಳನ್ನು ಗುಡ್ಡದ ಹಳ್ಳಿಗಳ ಹೆಂಗಸರು ನಗುತ್ತ ಹೇಳಿಕೊಳ್ಳುತ್ತಾರೆ. ನಗುವಂಥದ್ದೇ, ಆದರೆ ಈ ನಗೆಗೆ ಬೆಲೆ ತೆತ್ತವರು ಬೇರೆ ಇದ್ದಾರೆ.

ಅವರು ಇರುವುದು ದೂರದಲ್ಲೇನೂ ಅಲ್ಲ. ಕುಷ್ಟಗಿ ತಾಲೂಕಿನ ಗಡಿ ದಾಟಿದರೆ ಇಳಕಲ್. ಅಲ್ಲಿಂದ ಮುಂದೆ ಗುಳೇದಗುಡ್ಡ. ಈ ಕಡೆ ಗಜೇಂದ್ರಗಡ, ಕೊಪ್ಪಳದ ಮಗ್ಗುಲಲ್ಲಿ ಭಾಗ್ಯನಗರ. ನಾಲ್ಕೂ ನೇಕಾರರ ಊರುಗಳು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಗೊಳಿಸಿ, ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಇದನ್ನು ಕೊಂಡಿ ಎನ್ನುತ್ತಾರೆ. ಹಾಸು ಸುತ್ತುವುದು, ಕೊಂಡಿ ಹಾಕುವುದು, ಕಂಡಿಕೆ ಸುತ್ತುವುದು, ನೇಯುವುದು. ಇವೆಲ್ಲವುಗಳಲ್ಲಿ ಇಡೀ ಮನೆಯ, ಅದರಲ್ಲೂ ಹೆಂಗಸರ ದುಡಿಮೆ ಸೇರಿದೆ. ತೋಪ ಸೆರಗು, ಚಿಕ್ಕಿ ಪರಾಸ, ಗೋಮಿ ದಡಿ ಎಂಬ ಹೆಸರುಗಳು ಈ ಸೀಮೆಯ ಅಜ್ಜಿಯರಿಗೆ ಬೆಳೆಗಳ ಹೆಸರುಗಳಷ್ಟೇ ಪರಿಚಿತ. ಗುಳೇದಗುಡ್ಡದ ಖಣವಂತೂ ಕುಣಿಮಗ್ಗದಲ್ಲಿ ಹುಟ್ಟಿದ್ದು. ಉಡಿ ತುಂಬುವ ಪ್ರತಿಯೊಂದು ಸಂದರ್ಭಕ್ಕೂ ಅದು ಬೇಕಿತ್ತು. ಈಗ ಉಡಿ ತುಂಬುವುದು ನಿಂತಿಲ್ಲ, ಖಣ ನಿಂತಿದೆ. ಅದರ ಜಾಗದಲ್ಲಿ ಅದೇ ವಿನ್ಯಾಸವನ್ನು ಮುದ್ರಿಸಿದ ಯಂತ್ರದ ತುಂಡು ಬಂದಿದೆ. (ಪಾಲಿಯೆಸ್ಟರಿನ ಹೊಟ್ಟೆ ದೊಡ್ಡದು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾದ ಮೇಲೆ ರಾಷ್ಟ್ರಧ್ವಜವೂ ಪಾಲಿಯೆಸ್ಟರಿನಲ್ಲಿ ಬರಲಾರಂಭಿಸಿ, ಹುಬ್ಬಳ್ಳಿಯ ಬೆಂಗೇರಿಯ ಖಾದಿ ಧ್ವಜ ಘಟಕವೇ ಪೆಟ್ಟು ತಿಂದಿತು. ಖಣ ಯಾವ ಲೆಕ್ಕ.) ಮಗ್ಗದ ಮುಂದೆ ಕುಳಿತವನ ಮಗ ಗೋವಾಕ್ಕೋ ಬೆಂಗಳೂರಿಗೋ ಗುಳೆ ಹೋಗುತ್ತಾನೆ. ಮಣ್ಣಿಗೆ ಬಿದ್ದ ಹತ್ತಿಯ ಅರಿವೆ ಮಣ್ಣಾಗುತ್ತದೆ. ಪಾಲಿಯೆಸ್ಟರು ಎಳೆಎಳೆಯಾಗಿ ಸವೆದು, ಕಣ್ಣಿಗೆ ಕಾಣದ ಪ್ಲಾಸ್ಟಿಕ್ಕಾಗಿ ಹಳ್ಳದ ನೀರು ಸೇರುತ್ತದೆ. ಗುಡ್ಡದ ಮೇಲೆ ಬಿಸಾಡಿದ್ದು ಗುಡ್ಡದ ಮೇಲೆ ನಿಲ್ಲುವುದಿಲ್ಲ ಎಂಬುದನ್ನು, ಮಳೆಗಾಲದಲ್ಲಿ ಕಬ್ಬರಗಿಯ ಕಪಿಲತೀರ್ಥಕ್ಕೆ ನೀರು ಧುಮ್ಮಿಕ್ಕುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೈಮಗ್ಗ ದುಬಾರಿ, ಬಡವರು ಅದನ್ನು ಹೇಗೆ ಕೊಟ್ಟಾರು ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಲೆಕ್ಕ ಅಪೂರ್ಣವಾಗಿದೆ. ಒಂದು ಮದುವೆಯಲ್ಲಿ ಯಾರೂ ಹೊಲಿಸದ ನೂರು ತುಂಡುಗಳಿಗೆ ಸುರಿದ ಹಣದಲ್ಲಿ ನಿಜವಾಗಿ ಉಡುವ ಕೆಲವು ಸೀರೆಗಳು ಬರುತ್ತವೆ. ದುಬಾರಿಯಾಗಿರುವುದು ಎಣಿಕೆಯೇ ಹೊರತು ನೇಯ್ಗೆಯಲ್ಲ. ಎಲ್ಲರಿಗೂ ಕೊಡಲೇಬೇಕೆಂಬ ಹಟವನ್ನು ಬಿಟ್ಟು, ಯಾರಿಗೆ ಬೇಕೋ ಅವರಿಗೆ ಉಡುವಂಥದನ್ನು ಕೊಡುವ ಧೈರ್ಯವನ್ನು ಊರಿನ ಹಿರಿಯರು ಮೊದಲು ತೋರಿಸಬೇಕು. ಸಾಲ ಮಾಡಿ ಆಯೇರಿ ಮಾಡುವ ಸಣ್ಣ ರೈತ ತಾನಾಗಿ ಮೊದಲು ನಿಲ್ಲಿಸಲಾರ. ಅವನಿಗೆ ಮರ್ಯಾದೆಯ ಭಯವಿದೆ. ಹತ್ತಾರು ಎಕರೆ ಉಳ್ಳವರು ನಿಲ್ಲಿಸಿದರೆ ಅವನಿಗೂ ಉಸಿರಾಡಲು ಎಡೆ ಸಿಕ್ಕೀತು.

ಇನ್ನು ಸೇವೆ ಮಾಡುವವರ ವಿಷಯ. ಇಲ್ಲಿ ಚರಿತ್ರೆಯನ್ನು ಸ್ವಲ್ಪ ಕೆದಕದೆ ಮುಂದುವರಿಯುವಂತಿಲ್ಲ.

ಕೊಡುಗೆ ಎಲ್ಲ ಕಾಲದಲ್ಲೂ ಒಂದೇ ದಿಕ್ಕಿಗೆ ಹರಿದಿಲ್ಲ. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೆಳಗಿನವನು ಮೇಲಿನವನಿಗೆ ಹಬ್ಬದ ದಿನ ಒಪ್ಪಿಸುತ್ತಿದ್ದುದು ನಜರು, ನಜರಾನಾ. ಮೇಲಿನವನು ಕೆಳಗಿನವನಿಗೆ ಎಸೆಯುತ್ತಿದ್ದುದು ಇನಾಮು, ಖುಷಿ. ಬ್ರಿಟಿಷರ ಸೀಮೆಯಲ್ಲಿ ಕ್ರಿಸ್‌ಮಸ್ಸಿಗೆ ದೊರೆಗಳ ಬಂಗಲೆಗೆ ಹಣ್ಣಿನ ಬುಟ್ಟಿ ಒಯ್ಯುತ್ತಿದ್ದರು. ಅದಕ್ಕೆ ಡಾಲಿ ಎಂಬ ಹೆಸರಿತ್ತು. ಅದೇ ಇಂಗ್ಲೆಂಡಿನಲ್ಲಿ, ತಮ್ಮ ಮನೆಯ ಆಳುಗಳಿಗೆ, ಅಂಚೆಯವನಿಗೆ, ಹಾಲಿನವನಿಗೆ ವರ್ಷಕ್ಕೊಮ್ಮೆ ಕೊಡುವ ಪೆಟ್ಟಿಗೆಯಿಂದಾಗಿ ಡಿಸೆಂಬರ್ 26ಕ್ಕೆ ಬಾಕ್ಸಿಂಗ್ ಡೇ ಎಂಬ ಹೆಸರು ಬಂತೆನ್ನುತ್ತಾರೆ. ಸ್ವದೇಶದಲ್ಲಿ ಕೆಳಕ್ಕೆ, ಪರದೇಶದಲ್ಲಿ ಮೇಲಕ್ಕೆ! ಇಂದಿನ ದೀಪಾವಳಿಯ ಡಬ್ಬಿ ಈ ಡಾಲಿಯ ಮೊಮ್ಮಗ. ಟೆಂಡರು, ಪರವಾನಗಿ, ಬಿಲ್ಲುಗಳಿರುವ ಕಡೆಗೆ ಅದು ಹರಿಯುತ್ತದೆ. ಗುಡ್ಡದ ನೀರಿಗೆ ತಗ್ಗು ಗೊತ್ತು; ಡಬ್ಬಿಗೆ ಏರು ಗೊತ್ತು.

ಮೂರನೆಯ ಬಗೆಯೊಂದಿತ್ತು. ಅದು ಆಯ. ಕಣದಲ್ಲಿ ರಾಶಿಯ ಪೂಜೆಯಾದ ಮೇಲೆ, ಕಾಳು ಮನೆಗೆ ಹೊರಡುವ ಮೊದಲೇ, ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿಂದ, ತಳವಾರರಿಗೆ ಅವರವರ ಪಾಲು ಅಳೆದು ಕೊಡುತ್ತಿದ್ದರು. ವರ್ಷವಿಡೀ ಕೂರಿಗೆ ಸರಿಪಡಿಸಿದ್ದಕ್ಕೆ, ಕುಡ ತಟ್ಟಿದ್ದಕ್ಕೆ, ಬಟ್ಟೆ ಒಗೆದದ್ದಕ್ಕೆ ಸಲ್ಲಬೇಕಾದ ಪಾಲು ಅದು. ಯಾರೂ ಅದನ್ನು ಕೊಡುಗೆ ಎನ್ನುತ್ತಿರಲಿಲ್ಲ. ಆಯಗಾರ ಅದಕ್ಕಾಗಿ ಜಗಳವಾಡಬಹುದಿತ್ತು, ಅಳತೆ ಕಡಿಮೆಯಾಯಿತೆಂದು ಮೊರ ತಿರುಗಿಸಬಹುದಿತ್ತು. ಹಕ್ಕಿಗೂ ಭಿಕ್ಷೆಗೂ ಇರುವ ವ್ಯತ್ಯಾಸ ಅದು.

ಹಾಗೆಂದು ಆಯದ ಕಾಲವನ್ನು ಹೊಗಳಿ ಕೂರುವ ಪರಿಸರವಾದಿಗಳ ಸಾಲಿಗೆ ಯಾರೂ ಸೇರಬೇಕಾಗಿಲ್ಲ. ಅದು ಜಾತಿಗೆ ಕಟ್ಟಿಹಾಕಿದ ದುಡಿಮೆಯಾಗಿತ್ತು. ಅಗಸನ ಮಗ ಅಗಸನಾಗಲೇಬೇಕಿತ್ತು. ಊರ ಹೊರಗಿನ ಕೇರಿಯವರಿಗೆ ಸಿಕ್ಕ ಪಾಲಿಗಿಂತ ಸಿಕ್ಕ ಅವಮಾನವೇ ದೊಡ್ಡದಾಗಿತ್ತು. ಹಬ್ಬದ ರಾತ್ರಿ ಉಳಿದ ಅಡುಗೆಗಾಗಿ ಅಂಗಳದಾಚೆ ಕಾದು ನಿಲ್ಲುವ ಪದ್ಧತಿಯನ್ನು ಯಾವ ಮಾತಿನಿಂದಲೂ ಶುದ್ಧಗೊಳಿಸಲಾಗದು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದುಗೊಳಿಸಿದ್ದು, 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು, ಈ ನಾಡು ತಾನೇ ತನಗೆ ಕೊಟ್ಟುಕೊಂಡ ದೊಡ್ಡ ಉಡುಗೊರೆಗಳು. ಪ್ರಶ್ನೆ ಇಷ್ಟೇ: ಆಯವನ್ನು ಬಿಟ್ಟದ್ದು ಸರಿ, ಅದರ ಜಾಗಕ್ಕೆ ಬಂದದ್ದೇನು? ಸರಿಯಾದ ಸಂಬಳ ಬಂದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ಎಷ್ಟೋ ಪಂಚಾಯಿತಿಗಳಲ್ಲಿ ನೀರುಗಂಟಿಗಳು, ಸ್ವಚ್ಛತಾ ಕಾರ್ಮಿಕರು ಬಾಕಿ ವೇತನಕ್ಕಾಗಿ ಜಿಲ್ಲಾ ಕಚೇರಿಗಳ ಮುಂದೆ ಧರಣಿ ಕೂರುವುದು ಪ್ರತಿ ವರ್ಷದ ಸುದ್ದಿ. ಸೆಪ್ಟೆಂಬರ್ 23ರಂದು ರಾಜ್ಯದಲ್ಲೆಲ್ಲ ಪೌರಕಾರ್ಮಿಕರ ದಿನ ನಡೆಯುತ್ತದೆ. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಶಾಲೂ ಪಾಲಿಯೆಸ್ಟರಿನದೇ.

ಬೋನಸ್ಸು ಎಂಬ ಮಾತನ್ನು ಹಬ್ಬದ ಬಕ್ಷೀಸು ಎಂದು ತಿಳಿದವರು ಬಹಳ. 1965ರ ಬೋನಸ್ ಕಾಯಿದೆ ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಅದನ್ನು ಕಾರ್ಮಿಕರ ಹಕ್ಕನ್ನಾಗಿ ಮಾಡಿತು. ಆ ಕಾಯಿದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದ್ದರೂ ಕನಿಷ್ಠ ಪ್ರಮಾಣ ಹಾಗೆಯೇ ಉಳಿದಿದೆ: ವಾರ್ಷಿಕ ವೇತನದ ಶೇಕಡಾ 8.33, ಅಂದರೆ ಹನ್ನೆರಡರಲ್ಲಿ ಒಂದು ಭಾಗ, ಒಂದು ತಿಂಗಳ ದುಡಿಮೆ. ಮನೆಯಲ್ಲಿ ಪಾತ್ರೆ ತಿಕ್ಕುವವಳಿಗೆ, ದನ ಕಾಯುವವನಿಗೆ, ಹೊಲದ ಆಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಅಳತೆಗೋಲಾಗಿ ಅದು ಯಾರಿಗೂ ಉಪಯುಕ್ತ. ವರ್ಷವಿಡೀ ಮನೆಯ ಕೆಲಸ ಮಾಡಿದವಳಿಗೆ ದೀಪಾವಳಿಗೆ ಒಂದು ತಿಂಗಳ ಸಂಬಳವನ್ನು ನಗದಾಗಿ, ಲಕೋಟೆಯಲ್ಲಿಟ್ಟು, ಹಬ್ಬಕ್ಕೆ ವಾರ ಮೊದಲೇ ಕೊಡಬೇಕು. ಯಾಕೆ ವಾರ ಮೊದಲು? ಹಬ್ಬದ ಸಂಜೆ ಕೈಗೆ ಬಂದ ಹಣದಿಂದ ಮಕ್ಕಳಿಗೆ ಅಂಗಿ ಬರುವುದಿಲ್ಲ. ಅಷ್ಟರಲ್ಲಿ ಆಕೆ ಸಾಲ ಮಾಡಿಯಾಗಿರುತ್ತದೆ. ನಗದು ಕೊಡುವುದು ಒಣಮಾತಾಯಿತು, ಪ್ರೀತಿಯ ವಸ್ತುವೊಂದನ್ನು ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಲಿ, ಹಣದ ಮೇಲೆ ಕೊಡಲಿ. ಹಣದ ಬದಲಿಗೆ ಬೇಡ. ಹಳೆಯ ಸೀರೆಯನ್ನಂತೂ ಹಬ್ಬದ ದಿನ ಕೊಡಲೇಬಾರದು. ಅದನ್ನು ಬೇರೆ ದಿನ, ಬೇಕೇ ಎಂದು ಕೇಳಿ ಕೊಡಬಹುದು.

ಓಣಿ ಗುಡಿಸುವವರಿಗೆ, ಕಸದ ಗಾಡಿಯವರಿಗೆ ಕೊಡಬಹುದಾದ ಅತ್ಯುತ್ತಮ ಕೊಡುಗೆಗೆ ಅಂಗಡಿಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ವಾಹನಗಳು ಓಡಾಡುತ್ತಿವೆ. ಅನೇಕ ಕಡೆ ಮಹಿಳೆಯರೇ ಅವುಗಳ ಚಾಲಕಿಯರು, ಸ್ವಸಹಾಯ ಸಂಘದ ಹೆಂಗಸರೇ ಕಸ ವಿಂಗಡಿಸುವವರು. ಹಬ್ಬದ ಮರುದಿನ ಆ ಗಾಡಿಗೆ ಬೀಳುವುದನ್ನು ಒಮ್ಮೆ ನಿಂತು ನೋಡಬೇಕು. ಪಟಾಕಿಯ ಸುಟ್ಟ ಕಾಗದ, ಕೊಳೆತ ಬಾಳೆಕಂಬ, ಚೆಂಡುಹೂ, ಒಡೆದ ಬೂದುಗುಂಬಳ, ಉಳಿದ ಅನ್ನ, ಡಬ್ಬಿ, ಪೊರೆ ಎಲ್ಲವೂ ಒಂದೇ ಚೀಲದಲ್ಲಿ. ಇವನ್ನು ಬರಿಗೈಯಲ್ಲಿ ಬೇರ್ಪಡಿಸುವವಳಿಗೆ ಸಿಹಿ ಕೊಟ್ಟು ಏನು ಪ್ರಯೋಜನ? ಹಸಿಯನ್ನು ತಮ್ಮ ತಿಪ್ಪೆಗೆ ಹಾಕಿ, ಒಣಗಿದ್ದನ್ನು ಬೇರೆ ಮಾಡಿ ಕೊಟ್ಟರೆ ಆಕೆಯ ಅರ್ಧ ದಿನ ಉಳಿಯುತ್ತದೆ. ಹೂವು, ಬಾಳೆ, ಕುಂಬಳಗಳು ಗೊಬ್ಬರವಾಗಲು ಹುಟ್ಟಿದವು; ಗುಡ್ಡದ ತೆಳುಮಣ್ಣಿಗೆ ಇಂಥ ಸಾವಯವ ಅಂಶ ಎಷ್ಟು ಸೇರಿದರೂ ಸಾಲದು. ಜೊತೆಗೆ ಗಟ್ಟಿ ಕೈಗವಸು ಒಂದು ಜೊತೆ, ಪಾದ ಮುಚ್ಚುವ ಚಪ್ಪಲಿ ಒಂದು ಜೊತೆಯನ್ನು ಓಣಿಯವರೆಲ್ಲ ಕೂಡಿ ಕೊಟ್ಟರೆ ಒಳ್ಳೆಯದು. ಅದು ಪಂಚಾಯಿತಿಯ ಕರ್ತವ್ಯ ಎನ್ನುವುದು ನಿಜ, ಅದಕ್ಕಾಗಿ ಗ್ರಾಮಸಭೆಯಲ್ಲಿ ಕೂಗಾಡುವುದೂ ಆಗಲೇಬೇಕು. ಕೂಗಾಟ ಮುಗಿಯುವವರೆಗೆ ಆಕೆಯ ಬೆರಳು ಕಾಯಬೇಕೆ?

ಲೈನ್‌ಮನ್, ಅಂಚೆಯಣ್ಣ, ಬಸ್ಸಿನ ನಿರ್ವಾಹಕ, ಆಶಾ ಕಾರ್ಯಕರ್ತೆ, ಅಂಗನವಾಡಿ ಸಹಾಯಕಿ, ಬಿಸಿಯೂಟದ ಅಡುಗೆಯವರು: ಇವರ ಲೆಕ್ಕ ಬೇರೆ. ಸರ್ಕಾರಿ ನೌಕರನಿಗೆ ಹಬ್ಬದ ನೆವದಲ್ಲಿ ಹಣ ಕೊಟ್ಟರೆ ಅದು ನಾಳೆಯ ಲಂಚಕ್ಕೆ ಇಂದಿನ ಮುಂಗಡವಾಗುತ್ತದೆ. ಅಲ್ಲಿ ಕೈಯಿಂದ ಮಾಡಿದ ಹಿಡಿ ಎಳ್ಳುಂಡಿ, ಎರಡು ಸಜ್ಜೆ ರೊಟ್ಟಿ ಸಾಕು. ವಿದ್ಯಾರ್ಥಿಗಳು ಇನ್ನೊಂದನ್ನು ಮಾಡಬಹುದು. ಮಳೆಯ ರಾತ್ರಿ ಕಂಬ ಹತ್ತಿ ವಿದ್ಯುತ್ತು ಮರಳಿಸಿದವನ, ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ನಿಂತ ಆಶಾ ಕಾರ್ಯಕರ್ತೆಯ ಕೆಲಸವನ್ನು ಹೆಸರು, ದಿನಾಂಕಗಳ ಸಹಿತ ಒಂದು ಕಾರ್ಡಿನಲ್ಲಿ ಬರೆದು ಅವರ ಮೇಲಧಿಕಾರಿಗೆ ಕಳುಹಿಸಬಹುದು. ದೂರು ಬರೆಯುವ ಅಭ್ಯಾಸ ಎಲ್ಲರಿಗೂ ಇದೆ. ಮೆಚ್ಚುಗೆ ಕಡತ ಸೇರುವುದು ಅಪರೂಪ.

ಮನೆಯವರಿಗೆ ಏನು ಕೊಡಬೇಕೆಂಬುದಕ್ಕೆ ಈ ಸೀಮೆಯ ಹಬ್ಬಗಳಲ್ಲಿಯೇ ಉತ್ತರಗಳು ಬಿದ್ದಿವೆ. ಪಂಚಮಿಗೆ ಅಣ್ಣ ತಂಗಿಯನ್ನು ಕರೆಯಲು ಹೋಗುವಾಗ ಕಟ್ಟಿಕೊಂಡು ಹೋಗುವುದು ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು. ಪಂಚಮಿಯ ಮುನ್ನಾದಿನಗಳ ರೊಟ್ಟಿ ಹಬ್ಬದಲ್ಲಿ ಸಜ್ಜೆ ಮತ್ತು ಜೋಳದ ಕಟಕ ರೊಟ್ಟಿ, ಹತ್ತು ಬಗೆಯ ಪಲ್ಲೆ, ಹಿಂಡಿಗಳನ್ನು ಮನೆಯಿಂದ ಮನೆಗೆ ಬೀರುತ್ತಾರೆ. ಪೊರೆಯಿಲ್ಲ, ಡಬ್ಬಿಯಿಲ್ಲ, ಒಯ್ದ ತಾಟಿನಲ್ಲಿಯೇ ಆ ಮನೆಯ ರೊಟ್ಟಿ ಮರಳಿ ಬರುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ, ದವಸ, ಮಾದಲಿ ಬಂಡಿಗಳಲ್ಲಿ ಬರುವುದನ್ನು ಕಂಡವರು, ಹಳ್ಳಿಯ ತಿನಿಸು ಕೊಡುಗೆಗೆ ತಕ್ಕದ್ದಲ್ಲ ಎಂಬ ಮಾತನ್ನು ನಂಬುವುದು ಸಾಧ್ಯವೇ ಇಲ್ಲ. ಮಠಕ್ಕೆ ಸಲ್ಲುವ ರೊಟ್ಟಿ ಮಗಳ ಮನೆಗೆ ಯಾಕೆ ಸಲ್ಲದು? ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ, ಕುರುಬರು ನೇಯ್ದ ಕಂಬಳಿ, ಮಗುವಿಗೆ ಕಿನ್ನಾಳದ ಗೊಂಬೆ. ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬಳಿದು ಬಣ್ಣ ತುಂಬುವ ಚಿತ್ರಗಾರರ ಮನೆಗಳು ಕೊಪ್ಪಳ ತಾಲೂಕಿನಲ್ಲಿಯೇ ಇರುವಾಗ, ಮಗುವಿನ ಕೈಗೆ ಪ್ಲಾಸ್ಟಿಕ್ಕಿನ ಬಂದೂಕು ಕೊಡುವುದರಲ್ಲಿ ಯಾವ ಆಧುನಿಕತೆ ಇದೆಯೋ ತಿಳಿಯದು.

ಈಚೆಗೆ ಸಸಿ ಉಡುಗೊರೆ ಎಂಬ ಹೊಸ ಶೋಕಿಯೊಂದು ಬಂದಿದೆ. ಉದ್ದೇಶ ಒಳ್ಳೆಯದು, ಕಾಲಜ್ಞಾನ ಮಾತ್ರ ಇಲ್ಲ. ಕೊಪ್ಪಳ ಜಿಲ್ಲೆಯ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸು. ಅದರ ಬಹುಪಾಲು ಅಕ್ಟೋಬರ್ ಮುಗಿಯುವುದರೊಳಗೆ ಸುರಿದು ಹೋಗಿರುತ್ತದೆ. ದೀಪಾವಳಿಗೆ ನೆಟ್ಟ ಸಸಿ ಮುಂದಿನ ಜೂನಿನವರೆಗೆ ಏಳು ತಿಂಗಳು ಕೊಡದ ನೀರನ್ನೇ ನಂಬಿಕೊಂಡು ಬದುಕಬೇಕು. ಫೋಟೋದಲ್ಲಿ ಬದುಕುತ್ತದೆ, ಹೊಲದಲ್ಲಿ ಬದುಕುವುದಿಲ್ಲ. ಹಬ್ಬಕ್ಕೆ ಕೊಡಬೇಕಾದದ್ದು ಬೀಜ: ಒಂದು ಹಿಡಿ ನಾಟಿ ಸಜ್ಜೆ, ಮಡಿಕೆ, ಗುರೆಳ್ಳು, ಅವರೆ, ಹೀರೆ; ಬೂದಿ ಬೆರೆಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ, ತಳಿಯ ಹೆಸರು ಬರೆದು. ಮುಂಗಾರಿನವರೆಗೆ ಅದು ತಣ್ಣಗೆ ಕಾಯುತ್ತದೆ.

ಹಳೆಯದೆಲ್ಲ ಒಳ್ಳೆಯದೆಂಬ ಭ್ರಮೆಗೂ ಇಲ್ಲಿ ಜಾಗವಿಲ್ಲ, ಬನ್ನಿಯನ್ನೇ ನೋಡಬಹುದು. ವಿಜಯದಶಮಿಯ ಸಂಜೆ ಬನ್ನಿಯ ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಹಿರಿಯರ ಕಾಲು ಮುಟ್ಟುವುದು ಈ ಸೀಮೆಯ ಅತ್ಯಂತ ಸುಂದರ ಕೊಡುಗೆ. ಬಡವ ಬಲ್ಲಿದರೆಂಬ ಭೇದವಿಲ್ಲದೆ ಅದೇ ಎಲೆ. ಕಾಸಿನ ಖರ್ಚಿಲ್ಲ, ಮರುದಿನ ಅದು ಮಣ್ಣು. ಆದರೆ ಆ ಒಂದು ಸಂಜೆಗಾಗಿ ಬನ್ನಿಯ ಟೊಂಗೆಗಳನ್ನೇ ಕಡಿದು ಟ್ರ್ಯಾಕ್ಟರಿನಲ್ಲಿ ತರುವ ಕೆಲಸ ಶುರುವಾಗಿ ಬಹಳ ವರ್ಷಗಳಾದವು. ಎಲೆ ಸಾಕಾಗಿದ್ದಲ್ಲಿ ಟೊಂಗೆ ಬಂತು, ಪೇಟೆಯಲ್ಲಿ ಕಟ್ಟುಗಳಾಗಿ ಮಾರಾಟಕ್ಕೂ ಬಂತು. ಬನ್ನಿ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಒಂದಕ್ಕಿಂತ ಹೆಚ್ಚು ಜಾತಿಯ ಮರಗಳು ಪೂಜೆಗೊಳ್ಳುತ್ತವೆ. ಅವುಗಳಲ್ಲಿ ಶಮಿಯೆಂದು ಕರೆಯುವ ಮರ ಒಣಬೇಸಾಯದ ಮಹಾಮಿತ್ರ. ಅದರ ತಾಯಿಬೇರು ಆಳದ ತೇವ ಹುಡುಕಿ ಇಳಿಯುತ್ತದೆ, ಬೇರಿನ ಗಂಟುಗಳು ಸಾರಜನಕ ಕಟ್ಟುತ್ತವೆ, ನೆರಳು ತೆಳುವಾದ್ದರಿಂದ ಕೆಳಗಿನ ಸಜ್ಜೆ ಸೊರಗುವುದಿಲ್ಲ, ಎಲೆ ಕಾಯಿಗಳು ಕುರಿ ಆಡುಗಳಿಗೆ ಬೇಸಿಗೆಯ ಮೇವು. ರಾಜಸ್ಥಾನದಲ್ಲಿ ಇದೇ ಮರವನ್ನು ಖೇಜಡಿ ಎನ್ನುತ್ತಾರೆ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಗ್ರಾಮದಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಮರ ತಬ್ಬಿ ಜೀವ ಕೊಟ್ಟರೆಂದು ಆ ಸಮುದಾಯ ಇಂದಿಗೂ ಸ್ಮರಿಸುತ್ತದೆ. ಅದೇ ಮರವನ್ನು ಇಲ್ಲಿ ಶುಭ ಹಾರೈಸಲು ಬೋಳಿಸುತ್ತಾರೆ. ಹೊಲದ ಬದುಗಳಲ್ಲಿ ಅದು ತೆರವು ಮಾಡಿದ ಜಾಗಕ್ಕೆ, ಪರದೇಶದಿಂದ 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದ ದಾಯಾದಿ ಬಳ್ಳಾರಿ ಜಾಲಿ ನುಗ್ಗುತ್ತದೆ. ಒಬ್ಬರಿಗೆ ಒಂದೇ ಎಲೆ, ಅದೂ ಬೆರಳಿನಿಂದ ಚಿವುಟಿದ್ದು, ಕೊಡಲಿ ಮುಟ್ಟಿಸದ್ದು ಎಂಬ ನಿಯಮವನ್ನು ಗುಡಿಯ ಹಿರಿಯರು ಒಮ್ಮೆ ಸಾರಿದರೆ ಸಾಕು. ಬನ್ನಿಯ ಕಾಯಿ ಮಾಗುವುದು ಮೇ–ಜೂನ್ ತಿಂಗಳಲ್ಲಿ. ಶಾಲೆಗಳು ತೆರೆಯುವ ಹೊತ್ತಿಗೆ ಆ ಬೀಜಗಳನ್ನು ಆರಿಸಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಆಳವಾದ ಚೀಲಗಳಲ್ಲಿ ಊರುವುದು ವಿದ್ಯಾರ್ಥಿಗಳಿಗೆ ಕಷ್ಟವೇನಲ್ಲ. ಬೆಳೆಯುವುದು ನಿಧಾನ, ಮೊದಲೆರಡು ವರ್ಷ ಆಡುಗಳಿಂದ ಕಾಯಬೇಕು.

ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆಯುವ ಬರಹವಿದು ಎಂದು ಕೆಲವರಿಗೆ ಅನಿಸಬಹುದು. ಹನುಮಸಾಗರದ ಕಿರಾಣಿ ಅಂಗಡಿಯವನು ಡಬ್ಬಿ ಮಾರಿಯೇ ಬದುಕಬೇಕೆಂಬ ವಿಧಿಬರಹವೇನೂ ಇಲ್ಲ. ಶೇಂಗಾದುಂಡಿ, ಕರದಂಟು, ಎಳ್ಳುಬೆಲ್ಲಗಳನ್ನು ಬಾಳೆಲೆ, ಮುತ್ತಲೆಲೆ, ಕಾಗದದ ಪೊಟ್ಟಣಗಳಲ್ಲಿ ಕೇಳುವ ಗಿರಾಕಿ ಬಂದರೆ ಅವನು ಅದನ್ನೇ ಇಡುತ್ತಾನೆ. ಗಿರಾಕಿ ಕೇಳುವುದಿಲ್ಲ ಎಂಬುದೇ ತೊಡಕು.

ಬಲಿಪಾಡ್ಯದ ಮರುದಿನ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಬರುತ್ತದೆ. ಪ್ರೌಢಶಾಲೆಯ ಮಕ್ಕಳು ಈ ಸಲ ಆ ಗಾಡಿಯ ಜೊತೆ ತಮ್ಮ ಓಣಿಯಷ್ಟಾದರೂ ನಡೆದು, ಎಷ್ಟು ಡಬ್ಬಿ ಬಿತ್ತು, ಅದರಲ್ಲಿ ಎಷ್ಟಕ್ಕೆ ಪೊರೆಯಿತ್ತು, ಒಡೆಯದೆ ಎಸೆದದ್ದೆಷ್ಟು ಎಂದು ಎಣಿಸಲಿ. ಆ ಎಣಿಕೆಯನ್ನು ಓಣಿಯ ಹೆಸರಿನೊಂದಿಗೆ ಪಂಚಾಯಿತಿಯ ಫಲಕದ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯಲಿ. ಗಾಡಿ ನಡೆಸುವವಳ ಸಂಬಳ ಎಷ್ಟು ತಿಂಗಳಿಂದ ಬಾಕಿ ಇದೆ ಎಂಬುದನ್ನೂ ಕೇಳಿಕೊಂಡು ಅದರ ಪಕ್ಕದಲ್ಲಿಯೇ ಬರೆಯಲಿ.